ಗಂಡನ ದನಿಯಿದ್ದ ಟ್ಯಾಬ್

ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆ ಸೇವಾ ಸಂಸ್ಥೆ ನಡೆಯುತ್ತಿತ್ತು. ರೋಗದಿಂದ ಮಾತು ಕಳೆದುಕೊಳ್ಳುತ್ತಿರುವವರಿಗೆ ಅಲ್ಲಿ ಟ್ಯಾಬ್ ಕೊಡುತ್ತಿದ್ದರು. ನಾಲಿಗೆ ಪೂರ್ತಿ ಸೋಲುವ ಮುನ್ನ ರೋಗಿ ತನ್ನ ದನಿಯಲ್ಲೇ ಬೇಕಾದ ಮಾತುಗಳನ್ನು ತುಂಬಿಸಿಡಬೇಕು. ಆಮೇಲೆ ಪರದೆಯ ಮೇಲೆ ಆ ಮಾತಿನ ಚಿತ್ರ ಒತ್ತಿದರೆ ಟ್ಯಾಬೇ ಮಾತಾಡುತ್ತದೆ. ಯಾರೋ ದಾನ ಕೊಟ್ಟ ಒಡಕು ಗಾಜಿನ ಟ್ಯಾಬುಗಳಿಗೆ ಜೀವ ಕೊಟ್ಟು, ಮನೆಮನೆಗೆ ಹೋಗಿ ಕಲಿಸುತ್ತಿದ್ದವಳು ಒಬ್ಬಳೇ. ಮೊದಲು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದವಳು. ಎಲ್ಲರ ಬಾಯಲ್ಲೂ ಟ್ಯಾಬಕ್ಕ.

ಆ ರೋಗ ಅವಳ ಮನೆಗೂ ಬಂತು. ಗಂಡ ಬಸ್ ಕಂಡಕ್ಟರ್. ಬಾಯಿ ಬಿಟ್ಟರೆ ಹಿಂದಿನ ಸೀಟಿನವರೂ ನಗಬೇಕು. ಅವನ ಮಾತು ತೊದಲತೊಡಗಿದಾಗ ಅವಳು ಟ್ಯಾಬ್ ಹಿಡಿದು ಕೂತಳು.

“ರೀ, ನೀರು ಬೇಕು ಅನ್ನಿ.”

“ನೀರು ಬೇಕು.”

“ಮಗ್ಗುಲು ತಿರುಗಿಸು ಅನ್ನಿ.”

“ಮಗ್ಗುಲು ತಿರುಗಿಸು. ಅಲ್ಲ ಕಣೇ, ಒಂದೆರಡು ಜಗಳದ ಮಾತೂ ತುಂಬಿಸಿಡೋಣ. ಇಲ್ದಿದ್ರೆ ನೀನೇ ಗೆದ್ದುಬಿಡ್ತೀಯ.”

“ಸುಮ್ನಿರಿ, ಮೊದಲು ಔಷಧಿದು ಮುಗೀಲಿ.”

ಆ ವಾರವೇ ಜ್ವರ ಬಂತು. ಜ್ವರ ಇಳಿಯುವಷ್ಟರಲ್ಲಿ ದನಿ ಉಡುಗಿಹೋಗಿತ್ತು.

ಮುಂದೆ ಅವನು ಟ್ಯಾಬಿನಲ್ಲೇ ಮಾತಾಡಿದ. ಒಮ್ಮೆ ಫ್ಯಾನ್ ತಿರುಗುತ್ತಿದ್ದರೂ “ಫ್ಯಾನ್ ಹಾಕು, ಫ್ಯಾನ್ ಹಾಕು” ಎಂದು ಒತ್ತುತ್ತಲೇ ಇದ್ದ. ಅವಳು ಗಾಬರಿಯಾಗಿ ಓಡಿ ಬಂದರೆ, ಅವನ ಕಣ್ಣು ನಗುತ್ತಿತ್ತು. ಬೇಕೆಂದೇ ಕಾಡುತ್ತಿದ್ದ.

ಅವನು ತೀರಿಕೊಂಡ ಮೇಲೆ ಸಂಸ್ಥೆಯ ಮೇಡಂ ಟ್ಯಾಬ್ ವಾಪಸ್ ಕೊಡುವ ಸುದ್ದಿ ಎತ್ತಲಿಲ್ಲ. ಎತ್ತಿದ್ದು ಅವಳೇ.

“ಟ್ಯಾಬಿಗೆ ಮೇಷ್ಟ್ರೊಬ್ಬರು ಕಾಯ್ತಿದಾರಂತಲ್ಲ?”

“ದನಿ ದಿನಾ ಕಮ್ಮಿ ಆಗ್ತಿದೆಯಂತೆ. ಆದ್ರೂ ನಿಂಗೆ ಮನಸ್ಸಿಲ್ದಿದ್ರೆ ಬೇಡಮ್ಮ.”

ಕಪಾಟಿನಲ್ಲಿ ಬೇರೆ ಟ್ಯಾಬುಗಳಿದ್ದವು, ಆದರೆ ಯಾವುದೂ ಮತ್ತೆ ಹೊತ್ತಿಕೊಳ್ಳುವಂಥದ್ದಲ್ಲ. ಬಿಚ್ಚಿ ನೋಡಿ ಕೈಚೆಲ್ಲಿದ್ದವಳೂ ಅವಳೇ. ಗಂಡನ ದನಿಯನ್ನು ತನ್ನ ಫೋನಿಗೆ ಇಳಿಸಿಕೊಂಡು, ಎಷ್ಟೋ ಮಂದಿಯ ಟ್ಯಾಬ್ ಅಳಿಸಿದ ಹಾಗೆಯೇ ಅವನದನ್ನೂ ಅಳಿಸಿದಳು.

ಮನೆಗೆ ಬಂದು ಫೋನ್ ಒತ್ತಿದಳು. “ನೀರು ಬೇಕು” ಎಂದ. ಕಾಲು ತಾನಾಗಿ ಅಡುಗೆಮನೆಗೆ ನಡೆಯಿತು. ತುಂಬಿದ ಲೋಟ ಕೈಗೆ ತಣ್ಣಗೆ ತಾಗಿದ ಮೇಲೆಯೇ ಅವಳಿಗೆ ಎಚ್ಚರವಾದದ್ದು. ಅಲ್ಲೇ ನೆಲದ ಮೇಲೆ ಕುಸಿದು ಉಳಿದದ್ದನ್ನೂ ಕೇಳಿದಳು. ಔಷಧಿ ಕೊಡು, ದಿಂಬು ಎತ್ತರಿಸು, ಲೈಟ್ ಆರಿಸು. ಬರೀ ಏನಾದರೂ ಬೇಕೆಂದು ಕೇಳುವ ಮಾತುಗಳು. ಕೊಡೋಣವೆಂದರೆ ಅವನಿಲ್ಲ. ಬೈಗುಳವೊಂದಾದರೂ ಇದ್ದಿದ್ದರೆ!

ಮೇಷ್ಟರ ಮನೆಯಲ್ಲಿ ಅವರ ಹೆಂಡತಿ ಅವಸರಪಟ್ಟರು. “ಊಟದ್ದು, ಔಷಧಿದು ಮೊದಲು ಹೇಳಿಬಿಡ್ರೀ.”

“ಅದು ಇದ್ದೇ ಇರುತ್ತೆ ಅಮ್ಮಾ,” ಎಂದಳು ಟ್ಯಾಬಕ್ಕ. “ಮೇಷ್ಟ್ರೇ, ಇವರನ್ನ ಮನೇಲಿ ಏನಂತ ಕರೀತೀರೋ ಹಾಗೆ ಒಂದ್ಸಲ ಕರೀರಿ.”

ಮೇಷ್ಟರು ನಾಚಿದರು. ಆಮೇಲೆ ತೊದಲುತ್ತ, ಹೆಂಡತಿಯನ್ನೇ ನೋಡುತ್ತ ಕರೆದರು. ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ದನಿ ಸರಿಯಾಗಿ ಉಳಿಯಿತೇ ಎಂದು ಟ್ಯಾಬಕ್ಕ ಒಮ್ಮೆ ಒತ್ತಿ ಕೇಳಿ ನೋಡಿದಳು. “ಈಗ ಬಂದೆ” ಎಂದು ಹೊರಗೆ ಹೋಗಿ, ಚಪ್ಪಲಿಗಳ ಪಕ್ಕ ಮೆಟ್ಟಿಲ ಮೇಲೆ ಕೂತು, ಬಾಯಿಗೆ ಮುಷ್ಟಿ ಒತ್ತಿಕೊಂಡು ಅತ್ತಳು.