ಸೋರುವ ಗಾಡಿಗಳೂ ಸವಣೂರಿನ ವಸುಮತಿಯೂ

ಪುತ್ತೂರಿನ ಹತ್ತಿರದ ಸವಣೂರು ಪೇಟೆ ಮುಗಿಯುವಲ್ಲಿ ರಾಧಾಕೃಷ್ಣಯ್ಯನವರ ಅಕ್ಕಿ ಮಿಲ್ಲಿತ್ತು. ಅವರ ಮಗಳು ವಸುಮತಿ ಆ ಮಿಲ್ಲಿನ ಎಂಜಿನಿನ ಸದ್ದು ಕೇಳುತ್ತಲೇ ಬೆಳೆದವಳು. ಶಾಲೆ ಬಿಡಿಸಿದ ಮೇಲೆ ಅವಳು ಅಡುಗೆಮನೆಗಿಂತ ಹೆಚ್ಚು ಹೊತ್ತು ಎಂಜಿನ್ ಕೋಣೆಯಲ್ಲೇ ಇರುತ್ತಿದ್ದಳು. ಎಂಜಿನ್ ನೋಡಿಕೊಳ್ಳುತ್ತಿದ್ದ ಜತ್ತಪ್ಪ ಎಷ್ಟು ಗದರಿದರೂ ಹೋಗುತ್ತಿರಲಿಲ್ಲ. ಕೊನೆಗೆ ಅವನೇ ಸೋತು ಬೆಸುಗೆ ಹಾಕುವುದನ್ನು ಹೇಳಿಕೊಟ್ಟ.

೧೯೫೯ರಲ್ಲಿ ಅವಳ ಅಣ್ಣ ಅಚ್ಚುತ ಮಂಗಳೂರಿನಿಂದ ಒಂದು ಹಳೆಯ ಮೋಟಾರ್‌ಸೈಕಲ್ ತಂದ. ಅದು ನಿಂತಲ್ಲೆಲ್ಲ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. "ಹಳೇ ಗಾಡಿ ಅಲ್ವಾ, ಅದು ಹಾಗೇ" ಎಂದು ಅವನು ನಗುತ್ತಿದ್ದ. ಒಂದು ಬೆಳಿಗ್ಗೆ ಕಿಕ್ ಹೊಡೆದಾಗ ಸೋರಿದ ಪೆಟ್ರೋಲಿಗೆ ಕಿಡಿ ತಾಗಿ ಅವನ ಪಂಚೆ ಹೊತ್ತಿಕೊಂಡಿತು. ವಸುಮತಿ ಒದ್ದೆ ಗೋಣಿಗಳನ್ನು ಎಳೆದು ತಂದು ಅಣ್ಣನ ಮೇಲೂ ಗಾಡಿಯ ಮೇಲೂ ಹಾಕಿ ಒತ್ತಿದಳು. ಅಣ್ಣ ಉಳಿದ. ಅವಳ ಬಲಗೈಯ ಚರ್ಮ ಮಾತ್ರ ಮೊಣಕೈವರೆಗೆ ಸುಟ್ಟು ಸುಕ್ಕುಗಟ್ಟಿತು.

"ಆ ಶನಿಯನ್ನು ಗುಜರಿಗೆ ಹಾಕು" ಎಂದು ಅಪ್ಪ ಅಚ್ಚುತನ ಮೇಲೆ ಹರಿಹಾಯ್ದರು.

"ಬೇಡ ಅಪ್ಪ. ನನ್ನ ಕೈ ಯಾಕೆ ಸುಟ್ಟಿತು ಅಂತ ನನಗೆ ಗೊತ್ತಾಗ್ಬೇಕು. ಆಮೇಲೆ ಬೇಕಾದರೆ ಬಿಸಾಡಿ" ಎಂದಳು ವಸುಮತಿ.

ಗಾಯ ಮಾಗಿದ ಮೇಲೆ ಅವಳು ಗಾಡಿಯನ್ನು ಅಂಗಳದ ನಡುವೆ ನಿಲ್ಲಿಸಿ, ಎಂಜಿನಿಗೆ ಪೆಟ್ರೋಲ್ ಹದವಾಗಿ ಬಿಡುವ ಕಾರ್ಬುರೇಟರನ್ನು ಒಣಬಟ್ಟೆಯಲ್ಲಿ ಒರೆಸಿ, ಮೇಲೆಲ್ಲ ಸೀಮೆಸುಣ್ಣದ ಪುಡಿ ಉದುರಿಸಿದಳು. ಪೆಟ್ರೋಲ್ ಟ್ಯಾಪ್ ತೆರೆದು ಕಣ್ಣು ಮಿಟುಕಿಸದೆ ನೋಡಿದಳು. ಪೈಪಿನ ಸಂದಿಯಲ್ಲಿ ಪುಡಿ ಒಣಗಿಯೇ ಇತ್ತು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ತುಂಬಿಕೊಳ್ಳುವ ಬಟ್ಟಲಿನ ಮುಚ್ಚಳದ ಸುತ್ತ ಅದು ಮೊದಲು ಒದ್ದೆಯಾಯಿತು. ಅಂದರೆ ಬಟ್ಟಲೇ ತುಂಬಿ ಉಕ್ಕುತ್ತಿತ್ತು. ಒಳಗಿನ ಫ್ಲೋಟ್ ಎಂಬ ಹಿತ್ತಾಳೆಯ ಪುಟ್ಟ ಡಬ್ಬಿ ಪೆಟ್ರೋಲಿನ ಮೇಲೆ ತೇಲಬೇಕು. ತೇಲಿದರೆ ಮಾತ್ರ ಅದಕ್ಕೆ ತಾಗಿದ ಸೂಜಿ ಮೇಲೇರಿ ಪೆಟ್ರೋಲ್ ಒಳಬರುವ ಬಾಯಿ ಮುಚ್ಚುತ್ತದೆ. ಅವಳು ಡಬ್ಬಿಯನ್ನು ಕಿವಿಯ ಹತ್ತಿರ ಕುಲುಕಿದಳು. ಒಳಗೆ ಗುಳುಗುಳು ಸದ್ದು. ಪೆಟ್ರೋಲ್ ಒಳಹೊಕ್ಕು ಡಬ್ಬಿ ಭಾರವಾಗಿ ಮುಳುಗುತ್ತಿತ್ತು. ಬಿಸಿನೀರಲ್ಲಿ ಮುಳುಗಿಸಿದಾಗ ಅಂಚಿನ ಒಂದು ಕಡೆಯಿಂದ ಗುಳ್ಳೆಗಳೆದ್ದವು. ಒಳಗಿನ ಪೆಟ್ರೋಲೆಲ್ಲ ಆರಿಹೋಗಿದೆಯೆಂದು ಜತ್ತಪ್ಪ ಮೂಸಿ ನೋಡಿ ತಲೆಯಾಡಿಸಿದ ಮೇಲೆಯೇ ಆ ಸಣ್ಣ ತೂತಿಗೆ ಬೆಸುಗೆ ಬಿತ್ತು. ಮತ್ತೆ ಆ ಗಾಡಿ ಸೋರಲಿಲ್ಲ.

ಕೆಲವು ವರ್ಷ ಕಳೆದು ಬೆಳ್ಳಾರೆಯಿಂದ ಕೃಷ್ಣಮೋಹನನೆಂಬ ವರ ಅವಳನ್ನು ನೋಡಲು ಬಂದ. ಸೋದರಮಾವನ ಮೋಟಾರ್‌ಸೈಕಲಿನಲ್ಲಿ ಹಿಂದೆ ಕುಳಿತು ಬಂದಿದ್ದ.

"ಸೆರಗು ಕೈ ಮೇಲೆ ಹೊದ್ದುಕೊ. ಇವತ್ತೊಂದು ದಿನ" ಎಂದರು ತಾಯಿ ಪರಮೇಶ್ವರಿ.

"ಮದುವೆ ಆದ ಮೇಲೆ ಎಷ್ಟು ವರ್ಷ ಮುಚ್ಚಿಡುದು ಅಮ್ಮ?"

ಸುಟ್ಟ ಕೈ ಕಾಣುವಂತೆಯೇ ಅವಳು ಕಾಫಿ ತಂದಳು. ಜಗಲಿಗೆ ಕಾಲಿಡುವಾಗ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ವರನ ಮಾವ ಗಾಡಿಯನ್ನು ಭತ್ತ ಬೇಯುತ್ತಿದ್ದ ದೊಡ್ಡ ಒಲೆಯ ಪಕ್ಕದಲ್ಲೇ ನಿಲ್ಲಿಸಿದ್ದರು. ಕೆಳಗಿನ ಮಣ್ಣು ಒದ್ದೆಯಾಗಿತ್ತು. ವಸುಮತಿ ಕಾಫಿಯನ್ನು ಅಲ್ಲೇ ಇಟ್ಟು ಓಡಿದಳು. ಟ್ಯಾಪ್ ಬಂದ್ ಮಾಡಿ, ಗಾಡಿಯನ್ನು ನೂಕಿಕೊಂಡು ಹುಣಸೆಮರದಡಿಗೆ ಒಯ್ದು, ಬಟ್ಟಲಿನ ಮುಚ್ಚಳ ಬಿಚ್ಚಿದಳು.

"ಎಂತ ಇದು ಮಾರಾಯ್ರೆ? ನಾವು ಹುಡುಗಿ ನೋಡ್ಲಿಕ್ಕೆ ಬಂದದ್ದು. ನಿಮ್ಮ ಮಗಳು ನನ್ನ ಗಾಡಿಗೆ ಯಾಕೆ ಕೈ ಹಾಕುದು?" ಮಾವ ಕೆಂಡವಾದರು.

ರಾಧಾಕೃಷ್ಣಯ್ಯ, "ವಸು, ಬಿಡು" ಎಂದರು. ಅವಳು ಬಿಡಲಿಲ್ಲ.

"ಸೂಜಿಯ ಬಾಯಲ್ಲಿ ಕಸ ಸಿಕ್ಕಿ ಉಂಟು. ಅದನ್ನು ತೆಗೆಯದೆ ಈ ಗಾಡಿ ಇಲ್ಲಿಂದ ಹೊರಡುದಿಲ್ಲ" ಎಂದು ಹೇಳಿ ಸೂಜಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹೀಗೆ ಎದುರು ಮಾತಾಡುವ ಹೆಣ್ಣು ನಮಗೆ ಬೇಡ" ಎಂದರು ಮಾವ.

"ನನಗೂ ನಿಮ್ಮ ಮನೆ ಬೇಡ. ನನ್ನ ಕೈ ನೋಡಿ. ಸೋರುದನ್ನು ನೋಡಿಯೂ ಸುಮ್ಮನೆ ಕೂತರೆ ಹೀಗಾಗುದು." ಅವಳು ಕೃಷ್ಣಮೋಹನನತ್ತ ತಿರುಗಿದಳು. ಅವನು ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಅವಳು ಕಸ ತೆಗೆದು, ಎಲ್ಲವನ್ನೂ ಜೋಡಿಸಿ, ಟ್ಯಾಪ್ ತೆರೆದು, ತೊಟ್ಟಿಕ್ಕುವುದಿಲ್ಲವೆಂದು ಖಾತ್ರಿಯಾದ ಮೇಲೆ ದಾರಿ ಬಿಟ್ಟಳು. ಅವರು ಕಾಫಿ ಮುಟ್ಟದೆ ಹೋದರು.

ಪರಮೇಶ್ವರಿ ಅಂದಿನಿಂದ ಮಗಳ ಹತ್ತಿರ ಮಾತು ಬಿಟ್ಟರು. ವಸುಮತಿ ಒಳಗೊಳಗೇ ಅತ್ತಳು, ಆದರೆ ಮಣಿಯಲಿಲ್ಲ. ಗಾಡಿ ರಿಪೇರಿಗೆಂದು ಮಿಲ್ಲಿನ ಪಕ್ಕದಲ್ಲಿ ತೆಂಗಿನ ಮಡಲಿನ ಚಪ್ಪರ ಹಾಕಿಸಿದಳು. "ಬೋರ್ಡಿಗೆ ನನ್ನ ಹೆಸರು ಹಾಕುವ, ಜನ ಬರ್ತಾರೆ" ಎಂದ ಅಚ್ಚುತ. "ಕೆಲಸ ನನ್ನದು, ಹೆಸರು ನಿನ್ನದಾ?" ಎಂದು ಅವಳು 'ವಸುಮತಿ, ಮೋಟಾರ್‌ಸೈಕಲ್ ರಿಪೇರಿ' ಎಂದೇ ಬರೆದಳು. ಯಾರೋ ಅದಕ್ಕೆ ಡಾಂಬರು ಬಳಿದರು. ಅವಳು ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದಳು. ಮತ್ತೆ ಬಳಿದರು. ಈ ಸಲ ಅವಳು ಮಿಲ್ಲಿನ ಗೋಡೆಯ ಮೇಲೆಯೇ ಬರೆದಳು. ಅಪ್ಪ ಬೇಡ ಅನ್ನಲಿಲ್ಲ.

ಮೊದಮೊದಲು ಬರುತ್ತಿದ್ದುದು ಅಚ್ಚುತನ ಸ್ನೇಹಿತರು ಮಾತ್ರ. ನಿಧಾನವಾಗಿ ಆಲಂಕಾರು, ಕಡಬದ ಕಡೆಯಿಂದಲೂ ಗಾಡಿಗಳು ಬರತೊಡಗಿದವು. ಒಂದು ಮಧ್ಯಾಹ್ನ ಅಪರಿಚಿತನೊಬ್ಬ ಸೋರುವ ಗಾಡಿಯನ್ನು ನೂಕಿಕೊಂಡು ಬಂದು, ಚಪ್ಪರದೊಳಗೆ ಇಣುಕಿ, "ಗಂಡಸರು ಯಾರೂ ಇಲ್ವಾ?" ಎಂದು ಕೇಳಿದ.

ವಸುಮತಿ ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಪರಮೇಶ್ವರಿಯ ಗಡುಸು ದನಿ ಕೇಳಿತು:

"ಇದ್ದಾರೆ, ಒಳಗೆ ಭತ್ತ ಅಳೀತಾ ಇದ್ದಾರೆ. ಗಾಡಿ ಸರಿ ಆಗ್ಬೇಕಾದರೆ ನನ್ನ ಮಗಳ ಹತ್ತಿರ ಕೊಡುದು. ಮನಸ್ಸಿಲ್ಲದಿದ್ದರೆ ಪುತ್ತೂರಿನವರೆಗೂ ನೂಕಿಕೊಂಡು ಹೋಗಿ!"

ಅವನು ಪುತ್ತೂರಿನ ಕಡೆಯ ರಸ್ತೆ ನೋಡಿದ. ಆಮೇಲೆ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಬದಿಗೆ ಸರಿದು ನಿಂತ.