ಮನೆಗೊಂದಾಳು

ನಮ್ಮ ಮನೆಯವರು ತೀರಿಕೊಂಡು ಎಂಟು ತಿಂಗಳಾಯಿತು. ಬಂದವರೆಲ್ಲ ಅವರ ವಿಷಯ ಮಾತಾಡುತ್ತಾರೆ. ಒಂದು ಮಾತನ್ನು ಮಾತ್ರ ಯಾರೂ ಆಡುವುದಿಲ್ಲ, ಅದನ್ನು ಆಡುತ್ತಿದ್ದವರು ಅವರೇ. ಹೊಸಬರು ಯಾರೇ ಬಂದು ಜಗಲಿಯಲ್ಲಿ ಕೂತರೂ ಕಾಫಿ ತಂದ ನನ್ನ ಕಡೆ ಕೈ ತೋರಿಸಿ, "ಮೊದಲನೇ ಎಲೆಕ್ಷನ್‌ನಲ್ಲಿ ನನ್ನ ಸೋಲ್ಸಿದ್ದು ಇವಳೇ" ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ನಾನು ಲೋಟ ಇಟ್ಟು ಒಳಗೆ ಹೋಗುತ್ತಿದ್ದೆ. ಆ ಮಾತು ತಮಾಷೆಯಲ್ಲ, ನಿಜವೇ.

ಆಗ ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯ. ಸರ್ಕಾರ ಮಡಿಕೇರಿಯಲ್ಲೇ ಇತ್ತು. ನಮ್ಮ ಊರು ಸೋಮವಾರಪೇಟೆಯಿಂದ ಆಚೆ, ಹಾಸನದ ಗಡಿಯ ಕಡೆಗೆ. ಊರನ್ನು ಎರಡು ಮಾಡಿಕೊಂಡು ಒಂದು ಹೊಳೆ ಹರಿಯುತ್ತದೆ. ಈಚೆ ದಡದಲ್ಲಿ ನಮ್ಮ ಮನೆಗಳು ಮತ್ತು ಗದ್ದೆ, ಆಚೆ ದಡದಲ್ಲಿ ಇನ್ನಷ್ಟು ಮನೆಗಳು ಮತ್ತು ಪೇಟೆಯ ದಾರಿ. ದಾಟುವುದಕ್ಕೆ ಎರಡು ಮರದ ದಿಮ್ಮಿಗಳನ್ನು ಬೆತ್ತದಿಂದ ಬಿಗಿದ ಒಂದು ಸಂಕ. ಪ್ರತಿ ಮಳೆಗಾಲವೂ ಹೊಳೆ ಅದನ್ನು ಒಯ್ಯುತ್ತಿತ್ತು, ಮುಂದಿನ ಮಳೆಗೆ ಮೊದಲು ಊರು ಹೊಸದನ್ನು ಹಾಕುತ್ತಿತ್ತು.

ಆ ಕೆಲಸಕ್ಕೆ ಒಂದು ಕ್ರಮವಿತ್ತು. ಹಿಂದಿನ ದಿನ ಸಂಜೆ ಒಬ್ಬರು ಮನೆಮನೆಗೆ ಹೋಗಿ "ನಾಳೆ ಮನೆಗೊಂದಾಳು" ಎಂದು ಹೇಳಿ ಬರಬೇಕು. ಬೆಳಗ್ಗೆ ಪ್ರತಿ ಮನೆಯಿಂದ ಒಬ್ಬರು ಬರುತ್ತಾರೆ. ಎಂಟು ಜನರಿರುವ ಮನೆಯಿಂದಲೂ ಒಬ್ಬರೇ, ವಿಧವೆಯೊಬ್ಬಳೇ ಇರುವ ಮನೆಯಿಂದಲೂ ಒಬ್ಬರೇ. ಹೆಚ್ಚಿಗೆ ಕಳಿಸಿದರೆ ಉಳಿದವರ ಮೇಲೆ ಮುಯ್ಯಿ ಹೊರಿಸಿದಂತೆ, ಅದನ್ನು ಅವರು ಹೇಗೆ ತೀರಿಸಬೇಕು? ನಾಟಿಗೂ ಹಾಗೆಯೇ, ಮನೆಗೆ ಹುಲ್ಲು ಹೊದಿಸುವುದಕ್ಕೂ ಹಾಗೆಯೇ.

ನಾನು ಮದುವೆಯಾಗಿ ಬರುವ ಹೊತ್ತಿಗೆ ಈ ಕ್ರಮ ಸಡಿಲವಾಗಿತ್ತಂತೆ. ಕರೆ ಕೊಡುತ್ತಿದ್ದ ಹಿರಿಯರು ಹೋದ ಮೇಲೆ ಆಚೆ ದಡದವರು ಈಚೆಯವರ ಮೇಲೆ, ಈಚೆಯವರು ಆಚೆಯವರ ಮೇಲೆ ಹಾಕಿ ಕೂತಿದ್ದರು. ಮಡಿಕೇರಿಯಲ್ಲಿ ಹೈಸ್ಕೂಲು ಮುಗಿಸಿ ಬಂದ ಇವರು ಎರಡೂ ದಡಕ್ಕೆ ತಾವೇ ಹೋಗಿ ಕರೆದರು. ಇಪ್ಪತ್ತು ವರ್ಷದ ಹುಡುಗ ಕರೆದರೆ ಯಾರು ಬರುತ್ತಾರೆ ಎಂದು ಅತ್ತೆ ನಕ್ಕಿದ್ದರಂತೆ. ಮೊದಲ ವರ್ಷ ಆರು ಜನ ಬಂದರು, ಮರುವರ್ಷ ಒಂದು ಮನೆಯೂ ತಪ್ಪಲಿಲ್ಲ. ಆಮೇಲೆ ಅರ್ಜಿ ಬರೆಯುವುದು, ಕಾಯಿಲೆಯವರನ್ನು ಕುರ್ಚಿಗೆ ಕಟ್ಟಿ ಆಸ್ಪತ್ರೆಗೆ ಹೊರುವುದು, ಎಲ್ಲಕ್ಕೂ ಇವರೇ ಆದರು. ನಾನು ಬಂದ ಮೇಲೆ ಸಂಜೆಯ ಕರೆ ನನ್ನ ಪಾಲಿಗೆ ಬಂತು. ಹೊಸ ಸೊಸೆಗೆ ಊರು ನೋಡಲು ಸಿಕ್ಕ ನೆಪ ಅದು. ಪ್ರತಿ ಮನೆಯಲ್ಲೂ ಏನಾದರೂ ಬಾಯಿಗೆ ಹಾಕಿಕೊಂಡೇ ಬರುತ್ತಿದ್ದೆ.

ಒಂದು ಮಳೆಗಾಲ ಸಂಕ ಬೇಗ ಹೋಯಿತು. ಆಚೆ ದಡದ ಒಬ್ಬಳಿಗೆ ಹೆರಿಗೆ ನೋವು ಬಂತು, ಸೂಲಗಿತ್ತಿ ಈಚೆ ದಡದಲ್ಲಿದ್ದಳು. ಇವರು ಹಗ್ಗ ಕಟ್ಟಿ ದಾಟಿಸಲು ನೋಡಿದರು, ಆಗಲಿಲ್ಲ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಅಂದಿನಿಂದ ಇವರಿಗೆ ಬೇಕಾದದ್ದು ಒಂದೇ, ಹೊಳೆ ಒಯ್ಯಲಾಗದ ಒಂದು ಸೇತುವೆ. ಅರ್ಜಿ ಹಿಡಿದು ಮಡಿಕೇರಿಗೆ ಎಷ್ಟು ಸಲ ಹೋದರೋ! ಕೊನೆಗೆ ಒಬ್ಬ ಗುಮಾಸ್ತರು, ಇನ್ನು ಎಲೆಕ್ಷನ್ ಬರುತ್ತದೆ, ಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ಆದೀತು ಎಂದರಂತೆ. ಇವರು ದಾರಿಯುದ್ದಕ್ಕೂ ಆ ಯಾರಾದರೂ ಯಾರು ಎಂದು ಯೋಚಿಸಿಕೊಂಡು ಬಂದು, ಊಟಕ್ಕೆ ಕೂತಾಗ ತಾವೇ ನಿಲ್ಲುವುದಾಗಿ ಹೇಳಿದರು.

ಅತ್ತೆ ಬಡಿಸುತ್ತಿದ್ದ ಸೌಟು ಹಿಡಿದೇ ನಿಂತರು. "ಸಂಕ ಹಾಕೋದ್ ಬಿಟ್ಟು ಕುರ್ಚಿಗೆ ಹೊಂಟ್ಯಾ?"

"ಸಂಕ ಹಾಕೋಕೇ ಹೋಗ್ತಿರೋದು ಕಣವ್ವ."

ಪಕ್ಷದ ಬೆಂಬಲವಿರಲಿಲ್ಲ. ಇವರಿಗೆ ಸಿಕ್ಕ ಗುರುತು ಏಣಿ. ಮಲಗಿಸಿದರೆ ಅದೂ ಸಂಕವೇ ಎಂದು ಊರವರು ಹಾಸ್ಯ ಮಾಡಿದರು. ಕಣದ ಕೆಲಸ ಮುಗಿಯುತ್ತಿದ್ದ ಚಳಿಗಾಲ ಅದು. ಇವರು ದೂರದ ಊರುಗಳನ್ನು ಸುತ್ತಿದರು. ಸ್ವಂತ ಊರಿನ ಚಿಂತೆ ಇವರಿಗಿರಲಿಲ್ಲ. ಓಟಿನ ಹಿಂದಿನ ದಿನ ಹೊರಡುವಾಗ ಹೊಸ್ತಿಲಲ್ಲಿ ನಿಂತು, ನಾಳೆ ನಾನು ನೇರ ಸ್ಕೂಲಿಗೇ ಬಂದು ಓಟು ಹಾಕುತ್ತೇನೆ, ನೀನು ಯಾವತ್ತಿನ ಹಾಗೆ ಎಲ್ಲರಿಗೂ ಹೇಳಿಬಿಡು ಎಂದರು.

ನಾನು ಯಾವತ್ತಿನ ಹಾಗೆಯೇ ಹೇಳಿದೆ. ಎರಡೂ ದಡದ ಮನೆಗಳಿಗೆ ಹೋಗಿ, ನಾಳೆ ಸ್ಕೂಲಿನ ಹತ್ತಿರ ಓಟು, ಮನೆಗೊಂದಾಳು ಎಂದು ಹೇಳಿದೆ. ಆಗಲಿ ತಾಯಿ, ಬರ್ತೀವಿ ಎಂದರು ಎಲ್ಲರೂ.

ಮರುದಿನ ಒಂದು ಮನೆಯೂ ತಪ್ಪಲಿಲ್ಲ. ಆಗ ಒಂದೊಂದು ಗುರುತಿಗೆ ಒಂದೊಂದು ಪೆಟ್ಟಿಗೆ. ಮೂರು ಮೈಲಿ ನಡೆದು ಹೋಗಿ ಏಣಿಯ ಪೆಟ್ಟಿಗೆಗೆ ಚೀಟಿ ಹಾಕಿ ಬಂದರು. ಬಂದವರಿಗೆ ಅತ್ತೆ ಮತ್ತು ನಾನು ಸಂಕದ ದಿನದ ಹಾಗೆ ಅಕ್ಕಿ ರೊಟ್ಟಿ, ಅವರೆಕಾಳಿನ ಸಾರು ಮಾಡಿ ಬಡಿಸಿದೆವು. ಒಳ್ಳೆಯ ದಿನ ಎಂದುಕೊಂಡು ಮಲಗಿದೆ.

ಇವರು ಸೋತರು, ಅದೂ ಸ್ವಲ್ಪದರಲ್ಲಿ. ನಮ್ಮ ಸ್ಕೂಲಿನಲ್ಲಿ ಬಿದ್ದ ಓಟು ಎಷ್ಟು ಕಡಿಮೆ ಎಂದು ಯಾರೋ ಬಂದು ಹೇಳಿದರು. ಸೋತದ್ದಕ್ಕಿಂತ ಅದು ಇವರನ್ನು ಕೊಂದಿತು. ಊರೇ ನನ್ನನ್ನು ಬೇಡ ಅಂದಿತಲ್ಲ ಎಂದು ಒಂದೇ ಸಲ ಹೇಳಿದರು. ಹೊಳೆಯ ಕಡೆಗೆ ಹೋಗುವುದನ್ನೇ ಬಿಟ್ಟರು. ಕುಶಾಲನಗರದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸವಿದೆ ಎಂದು ಕೇಳಿ, ತಾನು ಬರುತ್ತೇನೆಂದು ಅಲ್ಲಿಗೆ ಕಾಗದ ಬರೆದರು.

ಆ ಕಾಗದ ಇನ್ನೂ ಅಂಚೆಗೆ ಹೋಗಿರಲಿಲ್ಲ. ಆಚೆ ದಡದ ಮುದುಕರೊಬ್ಬರು, ಮಗು ಕಳೆದುಕೊಂಡವಳ ಮಾವ, ಸಮಾಧಾನ ಹೇಳಲು ಬಂದರು. ನಿಮ್ಮ ಮನೆಯಲ್ಲಿ ಐದು ಓಟಿತ್ತಲ್ಲ ಅಜ್ಜಯ್ಯ ಎಂದು ಇವರು ತಲೆ ಎತ್ತದೆ ಕೇಳಿದರು.

"ಇತ್ತು ಕಣಪ್ಪ. ಐದೂ ಕಳ್ಸುಬುಟ್ರೆ ಪಕ್ಕದ್ಮನೆ ಮುದುಕಿ ಒಬ್ಳೇ ಅವ್ಳೆ, ಅವ್ಳ್ ಎಲ್ಲಿಂದ ತಂದಾಳು? ನ್ಯಾಯ ಬ್ಯಾಡ್ವಾ? ಮನೆಗೊಂದಾಳು ಅಂದ್ರು, ಹಂಗೇ ಬಂದ್ವಿ."

"ಯಾರು ಅಂದ್ರು?"

ಮುದುಕರು ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಆ ಕ್ಷಣದಲ್ಲಿ ನನಗೆ ಎಲ್ಲವೂ ತಿಳಿಯಿತು.

ಇವರು ನನ್ನ ಕಡೆ ತಿರುಗಿದರು. "ನೀನು ಹಾಕಿದ್ಯೇನೇ ಓಟು?"

"ನಮ್ಮನೆಯಿಂದ ನೀವು ಹಾಕಿದ್ರಲ್ಲ," ಎಂದೆ.

ಮೊದಲು ಅವರ ಭುಜ ಅಲುಗಿತು. ಅಳುತ್ತಾರೆಂದು ಹೆದರಿದೆ. ಅವರು ನಗುತ್ತಿದ್ದರು. ನಗು ನಿಲ್ಲದೆ ಗೋಡೆಗೆ ಒರಗಿದರು. ಅತ್ತೆ ಅಡುಗೆಮನೆಯಿಂದ ಬಂದು, ಏನಾಯಿತೆಂದು ಕೇಳಿ, ತಾವೂ ಹಾಕಿಲ್ಲವೆಂದು ಸಂಕೋಚದಿಂದ ಹೇಳಿದರು. ಇವರಿಗೆ ಮತ್ತೆ ನಗು. ಊರು ಇವರನ್ನು ಬೇಡ ಅಂದಿರಲಿಲ್ಲ, ಅಷ್ಟು ಸಾಕಾಗಿತ್ತು. ಎಸ್ಟೇಟಿನ ಕಾಗದವನ್ನು ನಾನು ಒಲೆಗೆ ಹಾಕಿದೆ, ಅವರು ಕೇಳಲೂ ಇಲ್ಲ.

ವಿಷಯ ಎರಡೂ ದಡಕ್ಕೆ ಹರಡಿತು. ಯಾರೂ ಬಂದು ತಪ್ಪಾಯಿತು ಅನ್ನಲಿಲ್ಲ, ನಮ್ಮವರಿಗೆ ಅದು ಬರುವುದಿಲ್ಲ. ಸಂಕದ ದಿನ ಹತ್ತಿರ ಬಂದಾಗ ಕರೆಗೆ ಹೋಗಲು ನನಗೆ ಮುಖವಿರಲಿಲ್ಲ. ಅತ್ತೆ ಹೋಗಿ ಎಂದಿನ ಮಾತನ್ನೇ ಹೇಳಿ ಬಂದರು. ಬೆಳಗ್ಗೆ ಹೊಳೆಯ ಹತ್ತಿರ ಗದ್ದಲ ಕೇಳಿ ಹೋಗಿ ನೋಡಿದರೆ ಮನೆಗೊಂದಾಳಲ್ಲ, ಮನೆಮನೆಯೇ ಬಂದಿತ್ತು. ಹೆಂಗಸರು, ಸೊಸೆಯಂದಿರು, ಕೋಲೂರಿಕೊಂಡ ಮುದುಕರು. ಅಜ್ಜಯ್ಯ ತಮ್ಮ ಮನೆಯ ಐವರನ್ನೂ ಸಾಲಾಗಿ ನಿಲ್ಲಿಸಿ ಇವರಿಗೆ ಹೇಳಿದರು: "ಎಣಿಸ್ಕೊ ಮಗಾ. ಓಟಿಗ್ ಬರ್ದೇ ಇದ್ದ ನಾಕಾಳು ಇಲ್ಲೇ ಅವ್ರೆ."

ಎರಡು ದಿಮ್ಮಿ ಹಾಕಲು ಅಷ್ಟು ಜನ ಬೇಕಿರಲಿಲ್ಲ. ಇವರು ಬಂದವರನ್ನೆಲ್ಲ ನಿಜವಾಗಿಯೂ ಎಣಿಸಿದರು. ಆಮೇಲೆ ಹತ್ತಿರದ ಒಂದು ಎಸ್ಟೇಟಿಗೆ ಓಡಿ ಕಲ್ಲು ಕೆಲಸದ ತಮಿಳು ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಅಂದಿನಿಂದ ಮಳೆ ಬೀಳುವವರೆಗೆ ಊರು ಕಲ್ಲು ಹೊತ್ತಿತು. ಮೂರು ಕಲ್ಲಿನ ಕಂಬ ಎದ್ದವು, ಮೇಲೆ ದಪ್ಪ ಹಲಗೆ. ಆ ಮಳೆಗಾಲ ಹೊಳೆ ಹಲಗೆಯ ಮಟ್ಟಕ್ಕೆ ಬಂದು ಇಳಿಯಿತು. ಇಳಿದ ಮೇಲೆ ಮೊದಲು ದಾಟಿದವಳು ಸೂಲಗಿತ್ತಿ, ಹೆರಿಗೆಗಲ್ಲ, ಎಲೆ ಅಡಿಕೆ ಕೇಳಲು.

ಕೊಡಗು ಮೈಸೂರಿಗೆ ಸೇರಿದ ಮೇಲೆ ಇವರು ಮತ್ತೆ ನಿಂತು ಗೆದ್ದರು, ಬೇರೆ ಊರುಗಳ ಸೇತುವೆಗಳನ್ನೂ ಮಾಡಿಸಿದರು. ಪ್ರತಿ ಎಲೆಕ್ಷನ್ನಿನ ಹಿಂದಿನ ಸಂಜೆಯೂ ಕರೆಗೆ ನನ್ನನ್ನೇ ಕಳಿಸುತ್ತಿದ್ದರು. ಹೊಸ್ತಿಲವರೆಗೆ ಬಂದು, ಏನು ಹೇಳ್ತೀಯ, ಒಂದು ಸಲ ಹೇಳು ನೋಡೋಣ ಎನ್ನುತ್ತಿದ್ದರು. ಹೇಳಿಸಿಕೊಂಡೇ ಬಿಡುತ್ತಿದ್ದರು.

ಈಗ ಕಂಬಗಳು ಅವೇ, ಮೇಲೆ ಕಾಂಕ್ರೀಟ್ ಬಂದಿದೆ. ಮಳೆಗೆ ಮೊದಲು ಕಂಬಕ್ಕೆ ಸಿಕ್ಕಿದ ಕೊಂಬೆ, ಕಸ ತೆಗೆಯುವ ಕ್ರಮ ಮಾತ್ರ ಉಳಿದಿದೆ. ಹೋದ ವರ್ಷದವರೆಗೂ ನಮ್ಮ ಮನೆಯ ಆಳಾಗಿ ಅವರೇ ಹೋಗುತ್ತಿದ್ದರು. ಮೊನ್ನೆ ಸಂಜೆ ಕರೆ ಬಂತು. ಮಗ ಕತ್ತಿ ಮಸೆಯುತ್ತಿದ್ದ. ನಾನು ಹೋಗುತ್ತೇನೆ ಎಂದೆ. ಈ ವಯಸ್ಸಿನಲ್ಲಿ ನೀನು ಅಲ್ಲಿ ಏನು ಮಾಡುತ್ತೀ ಎಂದ.

ಬೆಳಗ್ಗೆ ಹೋದೆ. ಅಜ್ಜಯ್ಯನ ಮೊಮ್ಮಗ, ಅವನಿಗೂ ಈಗ ತಲೆ ನರೆತಿದೆ, ನೀರಿನಲ್ಲಿ ನಿಂತು ಕೊಂಬೆ ಎಳೆಯುತ್ತಿದ್ದ. ನನ್ನನ್ನು ನೋಡಿ, "ಒಬ್ರೇ ಬಂದ್ರಾ ಅತ್ತೆ? ಇನ್ನೂ ಬುದ್ಧಿ ಬರ್ಲಿಲ್ಲ ನಿಮಗೆ" ಎಂದ. ಎಂಟು ತಿಂಗಳಲ್ಲಿ ಮೊದಲ ಸಲ ನಕ್ಕೆ. ದಡದಲ್ಲಿ ಕೂತು, ಅವನು ಎಳೆದು ಹಾಕಿದ ಸಣ್ಣ ಕೊಂಬೆಗಳನ್ನು ಹೊರೆ ಕಟ್ಟಿದೆ.