ಐದನೆಯ ದಿನ, ನಾಲ್ಕು ಗಂಟೆ

ಸುಲಾಸ್ತ್ರಿ ಶನಿವಾರ ಸಂಜೆ ತೀರಿಕೊಂಡಳು. ಐವತ್ತಮೂರು ವರ್ಷ. ಹೃದಯ ನಿಂತಿತೆಂದು ವೈದ್ಯರು ಬರೆದುಕೊಟ್ಟಿದ್ದಾರೆ.

ಸಲಾತಿಗಾ ಊರಿನ ಬೂಟಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಯಾರು ಸೇರಿದರು, ಯಾರು ಬಿಟ್ಟರು, ಯಾಕೆ ಬಿಟ್ಟರು, ನೂರಕ್ಕೆ ಎಷ್ಟು ಮಂದಿ ಎಂಬ ಲೆಕ್ಕ. ಕಂಪ್ಯೂಟರ್ ಬಂದ ಮೇಲೂ ತನ್ನ ಉದ್ದನೆಯ ಪುಸ್ತಕ ಬಿಡಲಿಲ್ಲ. ಬಾರದವರ ಹೆಸರನ್ನು ಅದರಲ್ಲಿ ಮೊದಲು ಪೆನ್ಸಿಲಿನಲ್ಲಿ ಬರೆಯುವಳು. ಕಾರಣ ತೋರಿಸುವ ಕಾಗದವಿಲ್ಲದೆ ಐದು ದಿನ ಬಾರದಿದ್ದರೆ ಕೆಲಸ ತಾನಾಗಿ ಬಿಟ್ಟಂತೆ ಲೆಕ್ಕ. ಐದನೆಯ ದಿನ ನಾಲ್ಕು ಗಂಟೆಗೆ ಆ ಹೆಸರಿನ ಮೇಲೆ ಶಾಯಿ ಹರಿಯುತ್ತಿತ್ತು.

ಈ ಸಲ ಉಪವಾಸದ ತಿಂಗಳು ಮುಗಿದ ಮೇಲಿನ ಲೆಬಾರನ್ ಹಬ್ಬಕ್ಕೆ ಊರಿಗೆ ಹೋದವರಲ್ಲಿ ನಲವತ್ತೊಂದು ಮಂದಿ ಮರಳಲಿಲ್ಲ. ನಲವತ್ತು ಜನರ ಕಾರಣ ಫೋನಿನಲ್ಲೇ ಸಿಕ್ಕಿತು. ಹೊಲಿಗೆ ವಿಭಾಗದ ಪಾರ್ತಿನಾ ಮಾತ್ರ ಸಿಗಲಿಲ್ಲ. ಐದನೆಯ ದಿನ, ಶನಿವಾರ ಮಧ್ಯಾಹ್ನ, ಮ್ಯಾನೇಜರ್ ಹೆಂದಾರ್ತೊ ಬಾಗಿಲಲ್ಲಿ ಬಂದು ನಿಂತರು.

“ಏನು ಬು ಲಾಸ್ತ್ರಿ, ಪೆನ್ನಿನ ಶಾಯಿ ಒಣಗಿಹೋಯ್ತಾ? ತಾನಾಗಿ ಬಿಟ್ಲು ಅಂತ ಬರೀರಿ.”

“ಇನ್ನೂ ನಾಲ್ಕಾಗಿಲ್ಲ ಪಾಕ್,” ಎಂದಳು ಸುಲಾಸ್ತ್ರಿ. ಅಲ್ಲಿ ಸಾಹೇಬರಿಗೆ ಪಾಕ್, ಅಮ್ಮನವರಿಗೆ ಬು.

“ಹದಿನಾಲ್ಕು ವರ್ಷ ಹಳೇ ಕೈ. ಅವಳ ಸಂಬಳಕ್ಕೆ ಇಬ್ಬರು ಹೊಸಬರು ಸಿಗ್ತಾರೆ, ಪರಿಹಾರಾನೂ ಕೊಡ್ಬೇಕಿಲ್ಲ. ನಿಮ್ಮ ಗಂಟೇನು ಹೋಗತ್ತೆ?”

“ನನ್ನ ಲೆಕ್ಕ ಸುಳ್ಳಾಗತ್ತೆ. ಅವಳು ಬಿಟ್ಟಿಲ್ಲ, ಏನೋ ಆಗಿದೆ.”

“ನಾಲ್ಕು ದಾಟಿ ಒಂದು ನಿಮಿಷ ಆದ್ರೆ ನಾನೇ ಕಂಪ್ಯೂಟರಲ್ಲಿ ಒತ್ತಿಬಿಡ್ತೀನಿ.”

ಸುಲಾಸ್ತ್ರಿ ಅರ್ಧ ದಿನದ ರಜೆ ಬರೆದಿಟ್ಟು, ಪುಸ್ತಕ ಚೀಲಕ್ಕೆ ತುರುಕಿ, ಬಾಡಿಗೆ ಮೋಟಾರುಬೈಕಿನ ಹಿಂದೆ ಕೂತಳು. ಪಾರ್ತಿನಾಳ ಬೆಟ್ಟದ ಹಳ್ಳಿ ಮುಟ್ಟುವಾಗ ಮೂರು ಇಪ್ಪತ್ತು. ಪಾರ್ತಿನಾ ಅಂಗಳದಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು.

“ಅಯ್ಯೋ ಬು, ನೀವಾ! ಅಮ್ಮನಿಗೆ ಹಬ್ಬದ ಮಾರನೇ ದಿನ ಲಕ್ವ ಹೊಡೀತು. ಆ ಗಡಿಬಿಡೀಲಿ ಫೋನು ನೀರಿಗೆ ಬಿತ್ತು.”

“ಅಳೋದು ಆಮೇಲೆ. ಡಾಕ್ಟರ್ ಚೀಟಿ ಎಲ್ಲಿ?”

ಅದು ಎಲ್ಲಿದೆಯೆಂದು ಅವಳಿಗೇ ನೆನಪಿರಲಿಲ್ಲ. ದಿಂಬಿನಡಿ ನೋಡಿದರು, ಅಕ್ಕಿ ಡಬ್ಬದ ಹಿಂದೆ ನೋಡಿದರು. ಕೊನೆಗೆ ಹಬ್ಬದ ಬಿಸ್ಕತ್ತಿನ ಡಬ್ಬಿಯಲ್ಲಿ, ಅಕ್ಕಿ ಹಪ್ಪಳಗಳ ಕೆಳಗೆ ಸಿಕ್ಕಿತು. ಮೂರು ನಲವತ್ತೈದು. ಸುಲಾಸ್ತ್ರಿ ತನ್ನ ಫೋನಿನಲ್ಲಿ ಅದರ ಫೋಟೊ ತೆಗೆದು ಕಾರ್ಖಾನೆಗೆ ಕಳಿಸಿದಳು, ಹೋಗಲಿಲ್ಲ. ಮೇಲಿನ ಮಸೀದಿಯ ಹತ್ತಿರ ಮಾತ್ರ ಸಿಗ್ನಲ್ ಸಿಗುವುದು. ಅರವತ್ತು ಮೆಟ್ಟಿಲು. ಮೆಟ್ಟಿಲು ಹತ್ತಬೇಡಿ ಎಂದು ವೈದ್ಯರು ಅವಳಿಗೆ ವರ್ಷದ ಹಿಂದೆಯೇ ಹೇಳಿದ್ದರು.

“ಕೊಡಿ ಬು, ನಾನು ಓಡ್ತೀನಿ.”

ಒಳಗಿನಿಂದ ಮುದುಕಿ ನರಳಿದಳು.

“ನೀನು ಅಮ್ಮನ್ನ ನೋಡು. ನನಗೇನು, ನಾಲ್ಕು ಹೆಜ್ಜೆ.”

ಫೋಟೊ ಹೋದಾಗ ಮೂರು ಐವತ್ತೇಳು. ತಕ್ಷಣ ಫೋನು ರಿಂಗಾಯಿತು.

“ಬಂತು,” ಎಂದರು ಹೆಂದಾರ್ತೊ. “ಸೋಮವಾರ ನನ್ನ ಕೋಣೆಗೆ ಬನ್ನಿ.”

“ಬರ್ತೀನಿ ಪಾಕ್. ಪಾರ್ತಿನಾ ಹೆಸರು ಮಾತ್ರ ಮುಟ್ಟಬೇಡಿ.”

ಚಹಾ ಹಿಡಿದು ಮೇಲೆ ಬರುತ್ತಿದ್ದ ಪಾರ್ತಿನಾಗೆ ಸುಲಾಸ್ತ್ರಿ ಕಂಡಳು. ಕೊನೆಯ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಬಿಡಿಸಿ, ಒಂದು ಹೆಸರನ್ನು ರಬ್ಬರಿನಿಂದ ಉಜ್ಜುತ್ತಿದ್ದಳು. ಉಜ್ಜಿ ಮುಗಿಸಿ, ಹಾಳೆಯ ಮೇಲಿನ ಪುಡಿಯನ್ನು ಉಫ್ ಎಂದು ಊದಿದಳು.